ಶ್ರೀರಂಗಪಟ್ಟಣ ಗೆದ್ದದ್ದಕ್ಕೇ ಡ್ಯೂಕ್ ಪದವಿ ಬಂತಾ? ವೆಲ್ಲೆಸ್ಲಿ ಮನೆತನದ ಬಿರುದುಗಳ ಬಗ್ಗೆ ಒಂದು ಚರ್ಚೆ

ಗಂಜಾಂ ಗಿರಿ:
ನಮ್ಮೂರಿಗೆ ಬರುವ ಪ್ರವಾಸಿಗರಿಗೆ ಕೆಲವು ಗೈಡ್‌ಗಳು ಒಂದು ಮಾತು ಹೇಳುತ್ತಾರೆ. 1799ರಲ್ಲಿ ಟಿಪ್ಪುವನ್ನು ಸೋಲಿಸಿದ್ದಕ್ಕೆ ಇಂಗ್ಲೆಂಡಿನ ರಾಜ ಆರ್ಥರ್ ವೆಲ್ಲೆಸ್ಲಿಯನ್ನು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಮಾಡಿದನಂತೆ. ನನ್ನ ಸ್ನೇಹಿತ ಇದನ್ನು ಒಪ್ಪುವುದಿಲ್ಲ. ಆ ಪದವಿ ಬಂದದ್ದು ವಾಟರ್ಲೂನಲ್ಲಿ ನೆಪೋಲಿಯನ್ ಸೋತ ಮೇಲೆ ಎನ್ನುತ್ತಾನೆ. ಯಾವುದು ಸರಿ? ಆರ್ಥರ್‌ನ ಅಣ್ಣ ರಿಚರ್ಡ್ ಆಗ ಗವರ್ನರ್ ಜನರಲ್ ಆಗಿದ್ದ ಎನ್ನುವುದು ಗೊತ್ತು. ಈ ಮನೆಯವರಿಗೆ ಮೈಸೂರಿನಿಂದ ನಿಜಕ್ಕೂ ಸಿಕ್ಕಿದ್ದೇನು? ತಿಳಿದವರು ಹೇಳಿ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಎನ್ನುವ ಜಗಳ ಇಲ್ಲಿ ಬೇಡ. ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆ.

ನಿವೃತ್ತ ಮೇಷ್ಟ್ರು:
ಗಿರಿ, ಗೈಡ್ ಹೇಳಿದ್ದೂ ತಪ್ಪು, ನಿಮ್ಮ ಸ್ನೇಹಿತ ಹೇಳಿದ್ದೂ ತಪ್ಪು. ಆರ್ಥರ್ ಡ್ಯೂಕ್ ಆದದ್ದು 1814ರ ಮೇ ತಿಂಗಳಲ್ಲಿ. ವಾಟರ್ಲೂ ನಡೆದದ್ದು 1815ರ ಜೂನ್ 18ಕ್ಕೆ. ಅಂದರೆ ಆ ಯುದ್ಧಕ್ಕೆ ಹೋಗುವಾಗಲೇ ಆತ ಡ್ಯೂಕ್.

ಮನೆತನದ ಕಥೆ ಇನ್ನೂ ಹಿಂದಿನದು. ಇವರು ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಮೂಲದ ಜಮೀನ್ದಾರರು. ಅಜ್ಜನ ಹೆಸರು ರಿಚರ್ಡ್ ಕೋಲಿ. 1728ರಲ್ಲಿ ವೆಸ್ಲಿ ಎಂಬ ನೆಂಟನ ಆಸ್ತಿ ಇವನಿಗೆ ಬಂತು. ಮೀತ್ ಜಿಲ್ಲೆಯ ಡಂಗನ್ ಎಂಬಲ್ಲಿನ ಆಸ್ತಿ ಅದು. ಆಸ್ತಿಯ ಜೊತೆಗೆ ವೆಸ್ಲಿ ಅನ್ನೋ ಹೆಸರನ್ನೂ ಇಟ್ಟುಕೊಂಡ. 1746ರಲ್ಲಿ ಬ್ಯಾರನ್ ಮಾರ್ನಿಂಗ್ಟನ್ ಆದ. (ಬಿರುದಿನ ಮೆಟ್ಟಿಲು ಐದು, ಕೆಳಗಿನಿಂದ ಮೇಲಕ್ಕೆ: ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವೆಸ್, ಡ್ಯೂಕ್.) ಅವನ ಮಗ ಗ್ಯಾರೆಟ್ 1760ರಲ್ಲಿ ಅರ್ಲ್ ಆಫ್ ಮಾರ್ನಿಂಗ್ಟನ್ ಆದ. ಈ ಗ್ಯಾರೆಟ್ ಯುದ್ಧ ಮಾಡಿದವನಲ್ಲ, ಸಂಗೀತಗಾರ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಮೊದಲ ಸಂಗೀತ ಪ್ರೊಫೆಸರ್ ಅವನೇ. 1781ರಲ್ಲಿ ತೀರಿಕೊಂಡಾಗ ಮಕ್ಕಳಿಗೆ ಬಿರುದಿನ ಜೊತೆ ಸಾಲವನ್ನೂ ಬಿಟ್ಟು ಹೋದ.

ರಿಚರ್ಡ್, ವಿಲಿಯಂ, ಆರ್ಥರ್, ಹೆನ್ರಿ ಎಲ್ಲ ಅವನ ಮಕ್ಕಳು. ನಡುವೆ ಜೆರಾಲ್ಡ್ ಎಂಬ ಪಾದ್ರಿ ಒಬ್ಬ. ಪಾದ್ರಿಯನ್ನು ಬಿಟ್ಟು ಉಳಿದ ನಾಲ್ವರೂ ಬದುಕಿರುವಾಗಲೇ ಬಿರುದು ಪಡೆದು ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂತರು. ಒಂದೇ ಮನೆಯ ನಾಲ್ಕು ಅಣ್ಣತಮ್ಮಂದಿರು!

ಆರ್ಥರ್‌ಗೆ ಯಾವ್ಯಾವುದು ಯಾವಾಗ ಬಂತು ನೋಡಿ. ಭಾರತದಲ್ಲಿದ್ದಾಗ ಸಿಕ್ಕಿದ್ದು 1804ರ ನೈಟ್ ಪದವಿ ಮಾತ್ರ. ಅದು ಅವನ ಜೊತೆಗೇ ಮುಗಿಯುವಂಥದ್ದು, ಮಗನಿಗೆ ಹೋಗುವುದಿಲ್ಲ. ವಂಶಕ್ಕೆ ಇಳಿಯುವ ಬಿರುದು ಶುರುವಾದದ್ದು 1809ರಲ್ಲಿ, ಸ್ಪೇನಿನ ತಲವೇರಾ ಯುದ್ಧದ ನಂತರ. ಆಗ ಬ್ಯಾರನ್, ವೈಕೌಂಟ್ ಎರಡೂ ಒಟ್ಟಿಗೇ ಬಂದವು, ಹೆಸರು ವೈಕೌಂಟ್ ವೆಲ್ಲಿಂಗ್ಟನ್. 1812ರ ಫೆಬ್ರವರಿಯಲ್ಲಿ ಅರ್ಲ್, ಅದೇ ವರ್ಷ ಅಕ್ಟೋಬರಿನಲ್ಲಿ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಬ್ಯಾರನ್ನಿನಿಂದ ಡ್ಯೂಕ್‌ವರೆಗೆ ಐದೂ ಮೆಟ್ಟಿಲನ್ನು ಐದು ವರ್ಷದಲ್ಲಿ ಹತ್ತಿದ. ಎಲ್ಲವೂ ಸ್ಪೇನ್, ಪೋರ್ಚುಗಲ್ ಯುದ್ಧಗಳ ಫಲ. ಮೈಸೂರಿನ ಪಾಲು ಸೊನ್ನೆ.

ಕಾವೇರಿ ದಡದವಳು:
ಮೇಷ್ಟ್ರೇ, ತಾರೀಖು ಎಲ್ಲ ಸರಿ. ಆದರೆ "ಮೈಸೂರಿನ ಪಾಲು ಸೊನ್ನೆ" ಅನ್ನೋದನ್ನು ನಾನು ಒಪ್ಪಲ್ಲ.

1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಈ ಆರ್ಥರ್ ದಾರಿ ತಪ್ಪಿ, ಜನ ಕಳೆದುಕೊಂಡು ವಾಪಸ್ ಬಂದ. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದ್ದು ಡೇವಿಡ್ ಬೇರ್ಡ್. ಆರ್ಥರ್ ಹಿಂದೆ ಮೀಸಲು ಪಡೆಯ ಜೊತೆ ಇದ್ದ. ಬೇರ್ಡ್ ಅದೇ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಕೈದಿಯಾಗಿದ್ದವನು. ಕೋಟೆ ಗೆದ್ದ ಮೇಲೆ ಅಧಿಕಾರ ಯಾರಿಗೆ ಕೊಟ್ಟರು? ಬೇರ್ಡ್‌ಗಲ್ಲ, ಗವರ್ನರ್ ಜನರಲ್ ತಮ್ಮನಿಗೆ. ಬೇರ್ಡ್‌ಗೆ ಬಹಳ ಕಾಲ ಆ ಸಿಟ್ಟು ಹೋಗಲಿಲ್ಲ.

ಆಮೇಲೆ ದರಿಯಾ ದೌಲತ್ ಬಾಗಿನಲ್ಲಿ ಕೂತು ಆಡಳಿತ ಮಾಡಿದ. 1800ರಲ್ಲಿ, ಟಿಪ್ಪು ಸತ್ತ ಮೇಲೆ ದಂಡು ಕಟ್ಟಿಕೊಂಡು ಎದ್ದಿದ್ದ ಧೋಂಡಿಯಾ ವಾಘ್‌ನ ಬೆನ್ನು ಹತ್ತಿ ಕೊನಗಲ್‌ನಲ್ಲಿ ಕೊಂದ. ದೊಡ್ಡ ಸೈನ್ಯಕ್ಕೆ ಅಕ್ಕಿ, ಎತ್ತು, ದಾರಿ ಹೊಂದಿಸೋದು ಹೇಗೆ ಅನ್ನೋದನ್ನು ಕಲಿತದ್ದು ನಮ್ಮ ನೆಲದಲ್ಲೇ. 1803ರಲ್ಲಿ ಮರಾಠರ ವಿರುದ್ಧ ಗೆದ್ದ ಅಸ್ಸಾಯೆ ಯುದ್ಧ ಅದರ ಮುಂದಿನದು. ಇಷ್ಟೆಲ್ಲ ಇಲ್ಲದೆ ಇದ್ದಿದ್ದರೆ ಯಾರು ಅವನನ್ನು ಪೋರ್ಚುಗಲ್‌ಗೆ ಕಳಿಸ್ತಿದ್ದರು? ಬಿರುದಿನ ಮೇಲೆ ಸ್ಪೇನಿನ ಊರಿನ ಹೆಸರಿರಬಹುದು, ಬಂಡವಾಳ ಹಾಕಿದ್ದು ಮೈಸೂರು.

ನಿವೃತ್ತ ಮೇಷ್ಟ್ರು:
ಬಂಡವಾಳ ಅಂದಿರಿ, ಸರಿ. ಆದರೆ ನಾವು ಮಾತಾಡುತ್ತಿರುವುದು ಬಿರುದಿನ ಬಗ್ಗೆ. ಭಾರತದ ಗೆಲುವಿಗೆ ಲಂಡನ್ನಿನಲ್ಲಿ ಎಷ್ಟು ಬೆಲೆ ಇತ್ತು ಅನ್ನೋದಕ್ಕೆ ರಿಚರ್ಡ್‌ನೇ ಸಾಕ್ಷಿ.

ಮೈಸೂರು ಯುದ್ಧಕ್ಕೆ ನೇರವಾಗಿ ಸಿಕ್ಕ ಬಿರುದು ಅವನದು. 1799ರ ಡಿಸೆಂಬರಿನಲ್ಲಿ ಅವನನ್ನು ಮಾರ್ಕ್ವೆಸ್ ವೆಲ್ಲೆಸ್ಲಿ ಮಾಡಿದರು. ಅಷ್ಟು ಕೇಳಿದರೆ ದೊಡ್ಡದೇ, ಡ್ಯೂಕ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. ಆದರೆ ಕೊಟ್ಟದ್ದು ಐರ್ಲೆಂಡಿನ ಪಟ್ಟಿಯಲ್ಲಿ. ಆಗ ಐರಿಷ್ ಬಿರುದಿದ್ದವರಿಗೆ ವೆಸ್ಟ್‌ಮಿನ್‌ಸ್ಟರ್‌ನ ಲಾರ್ಡ್ಸ್ ಸಭೆಯಲ್ಲಿ ಜಾಗ ಇರಲಿಲ್ಲ. ರಾಜಕೀಯಕ್ಕೆ ಬೆಂಬಲ ಬೇಕಾದಾಗ ಧಾರಾಳವಾಗಿ ಹಂಚುತ್ತಿದ್ದ ಬಿರುದುಗಳು ಅವು. ರಿಚರ್ಡ್‌ಗೆ 1797ರಲ್ಲೇ ಬ್ರಿಟನ್ ಪಟ್ಟಿಯಲ್ಲಿ ಬ್ಯಾರನ್ ಪದವಿ ಸಿಕ್ಕಿತ್ತು. ಹಾಗಾಗಿ ಸಭೆಯಲ್ಲಿ ಕೂರಲು ತೊಂದರೆ ಇರಲಿಲ್ಲ. ಆದರೆ ಟಿಪ್ಪುವನ್ನು ಮುಗಿಸಿದ ಮೇಲೂ ಲಂಡನ್ನಿನಲ್ಲಿ ಅವನು ಮೊದಲಿನಂತೆ ಬ್ಯಾರನ್ನೇ, ಅಂದರೆ ಕೊನೆಯ ಮೆಟ್ಟಿಲು.

ಈ ಅವಮಾನಕ್ಕೆ ಅವನು ಹಾಸಿಗೆ ಹಿಡಿದ. ಪ್ರಧಾನಿ ಪಿಟ್‌ಗೆ ಪತ್ರ ಬರೆದು ಗೋಳಾಡಿದ. ಚಿನ್ನದ ಲೇಪ ಹಾಕಿದ ಆಲೂಗಡ್ಡೆ ಅಂತ ಆ ಬಿರುದನ್ನು ಹಂಗಿಸಿದ. ಐರ್ಲೆಂಡಿನ ಊಟ ಆಲೂಗಡ್ಡೆ ಅಲ್ವಾ, ಅದಕ್ಕೆ.

ಮಂಡ್ಯ ಮಂಜು:
ಒಂದು ರಾಜ್ಯನೇ ಹೊಡೆದು ಕೊಟ್ಟರೂ ಕೈಗೆ ಆಲೂಗಡ್ಡೆನಾ ಸ್ವಾಮಿ! 😂 ಬಿರುದು ಹಾಗಿರಲಿ. ದುಡ್ಡು? ಕೋಟೆಯಲ್ಲಿ ದೋಚಿದ ಖಜಾನೆ ಇತ್ತಲ್ಲ, ಅದರಲ್ಲಿ ಅಣ್ಣತಮ್ಮ ಎಷ್ಟು ಹೊಡೆದರು?

ವಕೀಲೆ ಪದ್ಮಾ:
ಮಂಜು ಅವರೇ, ಇಲ್ಲಿ ರಿಚರ್ಡ್ ಸ್ವಲ್ಪ ಬೇರೆ ಥರ ಕಾಣುತ್ತಾನೆ. ಲೂಟಿ ಹಣದಲ್ಲಿ 1 ಲಕ್ಷ ಪೌಂಡ್ ಅವನಿಗೆ ಕೊಡಲು ಬಂದರು. ಸೈನ್ಯದ ಪಾಲು ಕಡಿಮೆ ಆಗುತ್ತದೆ ಅಂತ ಬೇಡ ಎಂದ. ಬದಲಿಗೆ ಈಸ್ಟ್ ಇಂಡಿಯಾ ಕಂಪನಿ 20 ವರ್ಷ ಕಾಲ ವರ್ಷಕ್ಕೆ 5,000 ಪೌಂಡ್ ಕೊಡುವುದಾಗಿ ಗೊತ್ತು ಮಾಡಿತು. ಬಿರುದಿಗೆ ಅಷ್ಟು ಅತ್ತವನು ದುಡ್ಡು ಬಿಟ್ಟ. ವಿಚಿತ್ರ ಮನುಷ್ಯ. ಆರ್ಥರ್‌ಗೆ ಸಿಕ್ಕಿದ್ದು ಸುಮಾರು 4,000 ಪೌಂಡ್. ತನ್ನ ಸೈನ್ಯದ ಹುದ್ದೆಗೆ ಅಣ್ಣ ಕೊಟ್ಟಿದ್ದ ಸಾಲ ತೀರಿಸಲು ಹೋದ, ಅಣ್ಣ ತೆಗೆದುಕೊಳ್ಳಲಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡಿ. 1814ರಲ್ಲಿ ಡ್ಯೂಕ್ ಆದಾಗ ಸಂಸತ್ತು ಆರ್ಥರ್‌ಗೆ ಕೊಟ್ಟದ್ದು 4 ಲಕ್ಷ ಪೌಂಡ್. ವಾಟರ್ಲೂ ಆದ ಮೇಲೆ ಇನ್ನೂ 2 ಲಕ್ಷ. ಈ ವಿಷಯದಲ್ಲಿ ನಾನು ಮೇಷ್ಟ್ರ ಕಡೆ. ಮೈಸೂರಿಗೂ ಯುರೋಪಿಗೂ ಲಂಡನ್ ಒಂದೇ ತಕ್ಕಡಿ ಹಿಡಿಯಲಿಲ್ಲ.

ಆದರೆ ನನಗೆ ಯುದ್ಧಕ್ಕಿಂತ ಆಸಕ್ತಿ ಇರುವುದು ಬಿರುದಿನ ಕಾಗದದಲ್ಲಿ. ರಾಜ ಬಿರುದು ಕೊಡುವಾಗ ಒಂದು ಸನ್ನದು ಬರೆಯುತ್ತಾರೆ. ಇದು ಯಾರಿಗೆ ಇಳಿಯಬೇಕು ಅನ್ನೋದು ಅದರಲ್ಲೇ ಇರುತ್ತದೆ. ಸಾಮಾನ್ಯವಾಗಿ ಪಡೆದವನ ಗಂಡು ಸಂತತಿಗೆ ಮಾತ್ರ, ಅದೂ ಮದುವೆಯೊಳಗೆ ಹುಟ್ಟಿದವರಿಗೆ. ರಿಚರ್ಡ್‌ಗೆ ಹಯಸಿಂಥ್ ರೋಲಾಂಡ್ ಎಂಬ ಫ್ರೆಂಚ್ ಹೆಂಗಸಿನಿಂದ ಐದು ಮಕ್ಕಳು. ಅವಳನ್ನು ಮದುವೆಯಾದದ್ದು 1794ರಲ್ಲಿ, ಐದೂ ಹುಟ್ಟಿದ ಮೇಲೆ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಅಪ್ಪ ಅಮ್ಮ ಆಮೇಲೆ ಮದುವೆಯಾದರೆ ಮಕ್ಕಳು ಸಕ್ರಮ ಆಗುತ್ತಿರಲಿಲ್ಲ. 1926ರಲ್ಲಿ ಆ ಕಾನೂನು ಬದಲಾಯಿತು. ಆಗಲೂ ಬಿರುದುಗಳನ್ನು ಹೊರಗಿಟ್ಟರು.

ಅದಕ್ಕೇ 1842ರಲ್ಲಿ ರಿಚರ್ಡ್ ತೀರಿಕೊಂಡಾಗ ಮೈಸೂರಿನ ಆ ಮಾರ್ಕ್ವೆಸ್ ಪದವಿಯೂ ಮಣ್ಣಾಯಿತು. ಗಂಡು ಮಕ್ಕಳಿದ್ದರೂ ಇಲ್ಲದಂತೆ. ಅಜ್ಜನ ಕಾಲದ ಮಾರ್ನಿಂಗ್ಟನ್ ಬಿರುದು ಮಾತ್ರ ತಮ್ಮ ವಿಲಿಯಂಗೆ ಹೋಯಿತು.

ಗಂಜಾಂ ಗಿರಿ:
ಹಾಗಾದರೆ ಶ್ರೀರಂಗಪಟ್ಟಣದಿಂದ ಬಂದ ಒಂದೇ ಒಂದು ವಂಶಪಾರಂಪರ್ಯ ಬಿರುದು 43 ವರ್ಷಕ್ಕೇ ಮುಗಿದು ಹೋಯ್ತಾ? ಆ ಐದು ಮಕ್ಕಳ ಗತಿ ಏನಾಯಿತು?

ವಕೀಲೆ ಪದ್ಮಾ:
ಅಲ್ಲೇ ಇರುವುದು ಮಜಾ. ಐವರಲ್ಲಿ ಒಬ್ಬಳು ಆನ್. ಮೊದಲು ಸರ್ ವಿಲಿಯಂ ಅಬ್ಡಿ ಎಂಬುವನ ಹೆಂಡತಿ. 1815ರಲ್ಲಿ ಲಾರ್ಡ್ ಚಾರ್ಲ್ಸ್ ಬೆಂಟಿಂಕ್ ಜೊತೆ ಓಡಿಹೋದಳು. ವಿಚ್ಛೇದನ ಆಯಿತು, ಮಾರನೆಯ ವರ್ಷ ಅವನನ್ನೇ ಮದುವೆಯಾದಳು. ಅವರ ಮಗ ಒಬ್ಬ ಪಾದ್ರಿ. ಆ ಪಾದ್ರಿಯ ಮಗಳು ಸಿಸಿಲಿಯಾ. ಸಿಸಿಲಿಯಾ ಮಗಳು ಎಲಿಜಬೆತ್, ಆರನೇ ಜಾರ್ಜ್‌ನ ರಾಣಿ. ಅವಳ ಮಗಳು ಎರಡನೇ ಎಲಿಜಬೆತ್ ರಾಣಿ. ಆಲೂಗಡ್ಡೆ ಬಿರುದಿಗೂ ಹಕ್ಕಿಲ್ಲ ಅಂತ ಹೊರಗಿಟ್ಟ ಸಂತತಿ ಸಿಂಹಾಸನದ ಮೇಲೆ ಕೂತಿತು. ಈಗಿನ ರಾಜ ಚಾರ್ಲ್ಸ್ ಕೂಡ ಅದೇ ಸಾಲಿನವರು.

ನಮ್ಮ ಕಡೆಯವರಿಗೆ ಇನ್ನೊಂದು ಎಳೆ ಇದೆ. ಆನ್‌ಳನ್ನು ಕಟ್ಟಿಕೊಂಡ ಚಾರ್ಲ್ಸ್ ಬೆಂಟಿಂಕ್‌ನ ಸ್ವಂತ ಅಣ್ಣನೇ ವಿಲಿಯಂ ಬೆಂಟಿಂಕ್. 1831ರಲ್ಲಿ ನಗರ ದಂಗೆಯ ಕಾರಣ ಹೇಳಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್.

ಮಂಡ್ಯ ಮಂಜು:
ಅಂದ್ರೆ 1799ರಲ್ಲಿ ರಾಜ್ಯ ಕೊಟ್ಟವನೂ 1831ರಲ್ಲಿ ಕಿತ್ಕೊಂಡವನೂ ಬೀಗರು!! ಪದ್ಮಾ ಮೇಡಂ, ಇದನ್ನು ಮೊದಲೇ ಹೇಳಬಾರದಿತ್ತಾ. ಇಂಥದ್ದು ಇದ್ದಿದ್ದರೆ ಶಾಲೆಯಲ್ಲಿ ನಾನೂ ಇತಿಹಾಸ ಓದ್ತಿದ್ದೆ.

ಕಾವೇರಿ ದಡದವಳು:
ಒಂದು ತಿದ್ದುಪಡಿ ಗಿರಿ. ಶ್ರೀರಂಗಪಟ್ಟಣದಿಂದ ಬಂದ ವಂಶಪಾರಂಪರ್ಯ ಬಿರುದು ರಿಚರ್ಡ್‌ನದೊಂದೇ ಅಲ್ಲ. ಇನ್ನೊಂದು ಇದೆ, ಅದು ಇವತ್ತಿಗೂ ಇದೆ. ಮನೆತನ ಬೇರೆ.

1799ರ ದಂಡಿಗೆ ಮುಖ್ಯಸ್ಥನಾಗಿದ್ದವನು ಜನರಲ್ ಜಾರ್ಜ್ ಹ್ಯಾರಿಸ್. ಅವನಿಗೂ ಮೊದಲು ಐರಿಷ್ ಬಿರುದು ಕೊಡ್ತೀವಿ ಅಂದರು. ಅವನು ಬೇಡ ಅಂದ! ರಿಚರ್ಡ್ ತೆಗೆದುಕೊಂಡು ಅತ್ತ, ಹ್ಯಾರಿಸ್ ತೆಗೆದುಕೊಳ್ಳದೆ ಕಾದ. 1815ರಲ್ಲಿ, ಅಂದರೆ 16 ವರ್ಷ ಕಳೆದ ಮೇಲೆ, ಅವನನ್ನು ಬ್ಯಾರನ್ ಮಾಡಿದರು. ಪೂರ್ತಿ ಹೆಸರು ಕೇಳಿ: ಈಸ್ಟ್ ಇಂಡೀಸ್‌ನ ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಜಿಲ್ಲೆಯ ಬೆಲ್‌ಮಾಂಟಿನ ಬ್ಯಾರನ್ ಹ್ಯಾರಿಸ್. ನಮ್ಮ ಊರು ಅವರ ಹೆಸರಿನಲ್ಲಿ. ಈ ವಂಶದ ಮೂರನೆಯವನು ಮದ್ರಾಸಿನ ಗವರ್ನರ್. ನಾಲ್ಕನೆಯವನು ಬಾಂಬೆ ಗವರ್ನರ್, ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕ ಕೂಡ.

ಅವರ ಲಾಂಛನ ಇನ್ನೂ ಒಂದು ಕೈ ಮೇಲೆ. ಹಸಿರು ಮೈಯ ಹುಲಿ, ಅದಕ್ಕೆ ಚಿನ್ನದ ಪಟ್ಟೆ. ಎದೆಗೆ ಬಾಣ ನಾಟಿದೆ. ಹಣೆಯ ಮೇಲೆ ಪರ್ಷಿಯನ್ ಲಿಪಿಯಲ್ಲಿ ಹೈದರನ ಗುರುತು. ರಿಚರ್ಡ್‌ನ ಲಾಂಛನದಲ್ಲೂ ಟಿಪ್ಪುವಿನ ಬಾವುಟದ ಹುಲಿ ಪಟ್ಟೆಗಳನ್ನು ಸೇರಿಸಿಕೊಂಡಿದ್ದರು. ಸತ್ತ ಶತ್ರುವನ್ನು ಮನೆಯ ಬಾಗಿಲಿಗೆ, ತಟ್ಟೆ ಲೋಟಕ್ಕೆ ಬರೆಸಿಕೊಳ್ಳೋದು ಅಂದರೆ ಇದು. ಮೈಸೂರಿನ ಪಾಲು ಸೊನ್ನೆ ಅಂತ ಯಾರೋ ಅಂದಿದ್ದರು.

ನಿವೃತ್ತ ಮೇಷ್ಟ್ರು:
ಅಂದವನು ನಾನೇ. ವೆಲ್ಲಿಂಗ್ಟನ್ ಡ್ಯೂಕ್ ಪದವಿಯಲ್ಲಿ ಮೈಸೂರಿನ ಪಾಲು ಸೊನ್ನೆ ಅಂತ ಅಂದದ್ದು, ಹ್ಯಾರಿಸ್‌ನದ್ದಲ್ಲ. ಅದನ್ನು ಈಗಲೂ ಹೇಳುತ್ತೇನೆ. ನೀವು ಕೊಟ್ಟ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ. ದಂಡಿನ ಮುಖ್ಯಸ್ಥನಿಗೆ 16 ವರ್ಷ ಕಾಯಿಸಿ ಕೊನೆಯ ಮೆಟ್ಟಿಲಿನ ಬಿರುದು. ಕೋಟೆಗೆ ನುಗ್ಗಿದ ಬೇರ್ಡ್‌ಗೆ 1809ರಲ್ಲಿ ಬ್ಯಾರನೆಟ್ ಪದವಿ. ಅದು ವಂಶಕ್ಕೆ ಇಳಿಯುತ್ತದೆ, ಆದರೆ ಲಾರ್ಡ್ ಅನ್ನಿಸಿಕೊಳ್ಳುವುದಿಲ್ಲ, ಸುಮ್ನೆ ಹೆಸರಿನ ಹಿಂದೆ ಸರ್. ಯುರೋಪಿನಲ್ಲಿ ಗೆದ್ದವನಿಗೆ ಐದು ವರ್ಷದಲ್ಲಿ ಐದು ಮೆಟ್ಟಿಲು. ನೆಪೋಲಿಯನ್ ಕಡೆಯವರು ಆರ್ಥರ್‌ನನ್ನು ಸಿಪಾಯಿ ಜನರಲ್ ಅಂತ ಹೀಯಾಳಿಸುತ್ತಿದ್ದರು. ಭಾರತದಲ್ಲಿ ಗೆದ್ದದ್ದು ಯುರೋಪಿನವರ ಕಣ್ಣಿಗೆ ಗೆಲುವೇ ಅಲ್ಲ.

ರೆಡಿಂಗ್ ರಾಘು:
ನಾನಿರುವ ರೆಡಿಂಗ್‌ನಿಂದ ಡ್ಯೂಕ್ ಮನೆ ಹತ್ತಿರ. ರೆಡಿಂಗ್‌ಗೂ ಬೇಸಿಂಗ್‌ಸ್ಟೋಕ್‌ಗೂ ನಡುವೆ ಇರುವ ಸ್ಟ್ರ್ಯಾಟ್‌ಫೀಲ್ಡ್ ಸೇ. ಪದ್ಮಾ ಹೇಳಿದ ಆ ಆರು ಲಕ್ಷದಲ್ಲೇ 1817ರಲ್ಲಿ ಕೊಂಡ ಎಸ್ಟೇಟ್. ಇದಕ್ಕೆ ಒಂದು ಬಾಡಿಗೆ ಇದೆ. ಪ್ರತಿ ವರ್ಷ ಜೂನ್ 18ಕ್ಕೆ ಡ್ಯೂಕ್ ಒಂದು ಫ್ರೆಂಚ್ ತ್ರಿವರ್ಣ ಬಾವುಟವನ್ನು ವಿಂಡ್ಸರ್ ಅರಮನೆಗೆ ಒಪ್ಪಿಸಬೇಕು. ಈಗಲೂ ನಡೆಯುತ್ತದೆ.

ವೆಲ್ಲಿಂಗ್ಟನ್ ಅನ್ನೋ ಹೆಸರು ಬಂದ ಬಗೆಯೂ ತಮಾಷೆ. 1809ರಲ್ಲಿ ಬಿರುದು ಕೊಡುವಾಗ ಆರ್ಥರ್ ಸ್ಪೇನಿನಲ್ಲಿ. ಯಾವ ಊರಿನ ಹೆಸರು ಬೇಕು ಅಂತ ಕೇಳೋಕೆ ಪುರುಸೊತ್ತಿಲ್ಲ. ಅಣ್ಣ ವಿಲಿಯಂ ಲಂಡನ್ನಿನಲ್ಲಿದ್ದ. ಸೋಮರ್‌ಸೆಟ್ ಜಿಲ್ಲೆಯ ವೆಲ್ಲಿಂಗ್ಟನ್ ಅನ್ನೋ ಊರು ವೆಲ್ಲೆಸ್ಲಿಗೆ ಹತ್ತಿರ ಕೇಳಿಸುತ್ತದೆ ಅಂತ ಆರಿಸಿಬಿಟ್ಟ. ಇವತ್ತು ನ್ಯೂಜಿಲೆಂಡಿನ ರಾಜಧಾನಿಗೂ ನೀಲಗಿರಿಯ ದಂಡಿನ ಊರಿಗೂ ಅದೇ ಹೆಸರು.

ಲಂಡನ್ನಿನ ಆಪ್ಸ್ಲಿ ಹೌಸ್ ಮೊದಲು ರಿಚರ್ಡ್‌ನದು. ಸಾಲ ಜಾಸ್ತಿ ಆಗಿ ಮಾರುವ ಹೊತ್ತಿಗೆ ಕೊಂಡುಕೊಂಡದ್ದು ತಮ್ಮ ಆರ್ಥರ್, 1817ರಲ್ಲಿ. ಒಂದು ಕಾಲಕ್ಕೆ ಅಣ್ಣನ ಕೈಕೆಳಗೆ ಕರ್ನಲ್ ಆಗಿದ್ದವನು. 1947ರಲ್ಲಿ ಏಳನೇ ಡ್ಯೂಕ್ ಅದನ್ನು ದೇಶಕ್ಕೆ ಕೊಟ್ಟ. ಈಗ ಮ್ಯೂಸಿಯಂ, ಒಂದು ಭಾಗ ಮನೆಯವರಿಗೆ.

ಅಂದ ಹಾಗೆ ಬ್ರಿಟನ್ನಿನ ಹೊರಗಿನ ಬಿರುದುಗಳನ್ನು ಯಾರೂ ಹೇಳಲಿಲ್ಲ. ಸ್ಪೇನ್ ಕೊಟ್ಟದ್ದು ಡ್ಯೂಕ್ ಆಫ್ ಸಿಯುದಾದ್ ರೋಡ್ರಿಗೋ, ಜೊತೆಗೆ ಗ್ರನಾಡ ಹತ್ತಿರ ಜಮೀನು. ಪೋರ್ಚುಗಲ್ ಮೂರು ಕೊಟ್ಟಿತು. ನೆದರ್ಲೆಂಡ್ಸ್‌ನ ರಾಜ 1815ರಲ್ಲಿ ಪ್ರಿನ್ಸ್ ಆಫ್ ವಾಟರ್ಲೂ ಮಾಡಿ ಸುಮಾರು 1,000 ಹೆಕ್ಟೇರ್ ಭೂಮಿ ಬರೆದುಕೊಟ್ಟ. ಅದು ಈಗಿನ ಬೆಲ್ಜಿಯಂ. ನಮ್ಮ ನೆಲದ ಹುಟ್ಟುವಳಿ ಇಂಗ್ಲಿಷ್ ಡ್ಯೂಕ್‌ಗೆ ಯಾಕೆ ಅಂತ ಅಲ್ಲಿನ ರಾಜಕಾರಣಿಗಳು ಆಗಾಗ ಪ್ರಶ್ನೆ ಎತ್ತಿದ್ದಾರೆ.

ಮಂಡ್ಯ ಮಂಜು:
ಆ ಹೆಸರು ಆರಿಸಿದ ವಿಲಿಯಂ ಯಾರು? ಪಾಪ ಅವನ ಬಗ್ಗೆ ಯಾರೂ ಮಾತಾಡ್ತಿಲ್ಲ.

ವಕೀಲೆ ಪದ್ಮಾ:
ವಿಲಿಯಂ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ರಾಜಕಾರಣಿ, 1821ರಲ್ಲಿ ಬ್ಯಾರನ್ ಮೇರಿಬರೋ ಆದ. ಅವನ ಮಗನ ಬಗ್ಗೆ ಬೇಕಾದರೆ ಒಂದು ರಾತ್ರಿ ಹೇಳಬಹುದು.

ಅವನ ಹೆಸರೂ ವಿಲಿಯಂ. 1812ರಲ್ಲಿ ಕ್ಯಾಥರೀನ್ ಟಿಲ್ನಿ ಲಾಂಗ್ ಎಂಬ ಹುಡುಗಿಯನ್ನು ಮದುವೆಯಾದ. ಇಂಗ್ಲೆಂಡಿನಲ್ಲೇ ಅತಿ ಶ್ರೀಮಂತ ಕನ್ಯೆ ಅಂತ ಹೆಸರಾಗಿದ್ದವಳು. ಅವಳ ಮನೆತನದ ಹೆಸರನ್ನೂ ಸೇರಿಸಿಕೊಂಡು ಪೋಲ್ ಟಿಲ್ನಿ ಲಾಂಗ್ ವೆಲ್ಲೆಸ್ಲಿ ಆದ. ಲಂಡನ್ ಹತ್ತಿರ ಅವಳಿಗೆ ವಾನ್‌ಸ್ಟೆಡ್ ಹೌಸ್ ಎಂಬ ಅರಮನೆ ಇತ್ತು. ಹತ್ತು ವರ್ಷದಲ್ಲಿ ಎಲ್ಲ ಉಡಾಯಿಸಿದ. 1822ರಲ್ಲಿ ಒಳಗಿನ ಸಾಮಾನೆಲ್ಲ ಹರಾಜಾಯಿತು. ಆಮೇಲೆ ಅರಮನೆಯನ್ನೇ ಕೆಡವಿ ಕಲ್ಲು ಮರ ಮಾರಿದರು. ಸಾಲಗಾರರಿಗೆ ಹೆದರಿ ಪರದೇಶಕ್ಕೆ ಓಡಿದ. ಹೆಂಡತಿ ಕೊರಗಿ ಸತ್ತಳು. 1827ರಲ್ಲಿ ನ್ಯಾಯಾಧೀಶ ಲಾರ್ಡ್ ಎಲ್ಡನ್ ಈತನಿಗೆ ಸ್ವಂತ ಮಕ್ಕಳನ್ನೂ ಕೊಡಲಿಲ್ಲ. ಅಪ್ಪನ ಹಕ್ಕಿಗೂ ಮಿತಿ ಇದೆ ಅನ್ನೋದಕ್ಕೆ ಕಾನೂನಿನವರು ತುಂಬಾ ಕಾಲ ಹೇಳುತ್ತಿದ್ದ ಕೇಸು ಅದು.

ಇಂಥವನು ನಾಲ್ಕನೇ ಅರ್ಲ್ ಆಫ್ ಮಾರ್ನಿಂಗ್ಟನ್! ಯೋಗ್ಯತೆ ಕೇಳುವುದಿಲ್ಲ ನೋಡಿ ಈ ಪದ್ಧತಿ. ಕೊನೆಗೆ ದಾಯಾದಿ ಡ್ಯೂಕ್ ಕೊಡುತ್ತಿದ್ದ ಸಣ್ಣ ಭತ್ಯೆಯಲ್ಲಿ ಬದುಕಿ 1857ರಲ್ಲಿ ಸತ್ತ. ಅವನ ಮಗ ಮದುವೆಯಾಗದೆ 1863ರಲ್ಲಿ ತೀರಿಕೊಂಡ. ಮೇರಿಬರೋ ಬಿರುದು ಅಲ್ಲಿಗೆ ಮುಗಿಯಿತು. ಮಾರ್ನಿಂಗ್ಟನ್ ಬಿರುದು ಸಂಗೀತಗಾರ ಗ್ಯಾರೆಟ್ ಕಾಲದ್ದು, ಅವನ ಯಾವ ಗಂಡು ಸಂತತಿಗಾದರೂ ಸಲ್ಲುತ್ತದೆ. ಹಾಗಾಗಿ ಎರಡನೇ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಕೈಗೆ ಬಂದು ಬಿತ್ತು.

ರೆಡಿಂಗ್ ರಾಘು:
ಗಂಡು ಸಂತತಿ ಅಂದಿರಿ. 1943ರಲ್ಲಿ ಇದೇ ವಿಷಯಕ್ಕೆ ಮನೆತನ ಎರಡು ಹೋಳಾಗುವುದರಲ್ಲಿತ್ತು. ಆರನೇ ಡ್ಯೂಕ್ ಹೆನ್ರಿ ಇಟಲಿಯ ಸಲೆರ್ನೋದಲ್ಲಿ ಯುದ್ಧದಲ್ಲಿ ಸತ್ತ. ಮದುವೆ ಆಗಿರಲಿಲ್ಲ. ಬ್ರಿಟನ್ ಬಿರುದುಗಳು ಚಿಕ್ಕಪ್ಪ ಜೆರಾಲ್ಡ್‌ಗೆ ಹೋದವು. ಸ್ಪೇನಿನ ನಿಯಮ ಬೇರೆ. ಅಲ್ಲಿ ಅಣ್ಣತಮ್ಮಂದಿರಿಲ್ಲದಿದ್ದರೆ ಅಕ್ಕತಂಗಿಗೆ ಸಲ್ಲುತ್ತದೆ. ಹಾಗಾಗಿ ಸಿಯುದಾದ್ ರೋಡ್ರಿಗೋ ಬಿರುದು ಹೆನ್ರಿಯ ಅಕ್ಕ ಲೇಡಿ ಆನ್‌ಗೆ. ಕೆಲವು ವರ್ಷ ಒಂದೇ ಮನೆಯಲ್ಲಿ ಎರಡು ಪಟ್ಟ. 1949ರಲ್ಲಿ ಆಕೆ ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಳು.

ಕಾವೇರಿ ದಡದವಳು:
ಅವಳ ಹಕ್ಕಿನ ಬಿರುದನ್ನು ಅವಳೇ ಯಾಕೆ ಇಟ್ಟುಕೊಳ್ಳಬಾರದಿತ್ತು? ಗಂಡಸರಿಗೆ ಪೂರ್ತಿ ಸೆಟ್ಟು ಇರಲಿ ಅಂತ ತಾನೇ. ಬ್ರಿಟನ್ನಿನಲ್ಲಿ ಈ ನಿಯಮ ಇನ್ನೂ ಹಾಗೇ ಇದೆ. ಸಿಂಹಾಸನಕ್ಕೆ 2013ರಲ್ಲಿ ಕಾನೂನು ತಿದ್ದಿ ಹೆಣ್ಣು ಗಂಡು ಸಮ ಮಾಡಿದರು, ಬಿರುದುಗಳನ್ನು ಮುಟ್ಟಲಿಲ್ಲ.

ಇದು ಬರೀ ಹೆಸರಿನ ಮಾತೂ ಅಲ್ಲ. 1999ರಲ್ಲಿ ವಂಶದ ಲಾರ್ಡ್‌ಗಳನ್ನು ಸಭೆಯಿಂದ ತೆಗೆದರೂ 92 ಜನರಿಗೆ ಜಾಗ ಉಳಿಸಿದರು. ಈಗಿನ ಒಂಬತ್ತನೇ ಡ್ಯೂಕ್ 2015ರಲ್ಲಿ ಅದರಲ್ಲೊಂದಕ್ಕೆ ಆರಿಸಿ ಬಂದರು. ಆರಿಸಿದ್ದು ಯಾರು? ಜನ ಅಲ್ಲ, ಇತರ ಲಾರ್ಡ್‌ಗಳು. ಆ 92 ಜಾಗವನ್ನೂ ತೆಗೆಯುವ ಮಸೂದೆ ಬಂದದ್ದು 2024ರಲ್ಲಿ. ನಮ್ಮಲ್ಲಿ 1971ರಲ್ಲೇ 26ನೇ ತಿದ್ದುಪಡಿ ಮಾಡಿ ರಾಜರ ಮಾನ್ಯತೆ, ರಾಜಧನ ಎರಡನ್ನೂ ತೆಗೆದಾಯ್ತು. ಮೈಸೂರು ಒಡೆಯರದ್ದೂ ಹೋಯಿತು. ಆ ಒಡೆಯರಿಗೆ 1799ರಲ್ಲಿ ಗದ್ದುಗೆ ಕೊಟ್ಟ ಒಪ್ಪಂದಕ್ಕೆ ಸಹಿ ಹಾಕಿದ ಆರ್ಥರ್ ವಂಶ ಮಾತ್ರ ಅದಾದ ಮೇಲೂ ಶಾಸನಸಭೆಯಲ್ಲಿ ಕೂತಿತು. ಇದು ನ್ಯಾಯನಾ?

ನಿವೃತ್ತ ಮೇಷ್ಟ್ರು:
ನ್ಯಾಯ ಅಲ್ಲ, ಒಪ್ಪಿದೆ. ಆದರೆ ಆ ಒಪ್ಪಂದದ ಬಗ್ಗೆ ಹೇಳುವಾಗ ಪೂರ್ತಿ ಹೇಳಿ. ಕಂಪನಿ ಕಡೆಯಿಂದ ಸಹಿ ಮಾಡಿದ ಐವರಲ್ಲಿ ಆರ್ಥರ್ ಇದ್ದ, ಕೊನೆಯ ತಮ್ಮ ಹೆನ್ರಿಯೂ ಇದ್ದ. ನೇಮಿಸಿದವನು ಅಣ್ಣ ರಿಚರ್ಡ್. ಮೈಸೂರಿನ ಭವಿಷ್ಯ ಬರೆದ ಕಾಗದದ ಮೇಲೆ ಒಂದೇ ಮನೆಯ ಮೂವರ ನೆರಳು. ಹೆನ್ರಿ ಆಮೇಲೆ ರಾಯಭಾರಿಯಾಗಿ 1828ರಲ್ಲಿ ಬ್ಯಾರನ್ ಕೌಲಿ ಆದ. ಅವನ ಮಗ 1857ರಲ್ಲಿ ಅರ್ಲ್ ಕೌಲಿ. ಆ ವಂಶವೂ ಮುಂದುವರಿದಿದೆ.

ಅದೇ ಒಪ್ಪಂದದ ಕಾಲದಲ್ಲಿ ಮೈಸೂರಿನ ದಿವಾನರಾದವರು ಪೂರ್ಣಯ್ಯ. ಅವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಬಂತು, ಅದೂ ವಂಶಪಾರಂಪರ್ಯ. ರಿಚರ್ಡ್ ಹೆಸರಿನಲ್ಲಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಕಟ್ಟಿಸಿದವರೂ ಅವರೇ, 1804ರಲ್ಲಿ. ಕೊಡುವ ಕೈ ಬದಲಾಯಿತು, ಪದ್ಧತಿ ಎರಡು ಕಡೆಯೂ ಒಂದೇ.

ಕಾವೇರಿ ದಡದವಳು:
ಪೂರ್ಣಯ್ಯನವರು ಟಿಪ್ಪು ಕಾಲದಿಂದಲೂ ಈ ರಾಜ್ಯದ ಲೆಕ್ಕ ನೋಡಿದವರು, ಇಲ್ಲೇ ದುಡಿದವರು. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಮತ್ತೆ ಒಂದು ಮಾತು. ಸಿಪಾಯಿ ಜನರಲ್ ಅಂತ ನೆಪೋಲಿಯನ್ ಕಡೆಯವರು ಹೀಯಾಳಿಸಿದರು ಅಂದಿರಿ. ಆ ಸಿಪಾಯಿ ಜನರಲ್ ಎದುರು ಸೋತವರು ಯಾರು? ಅವರ ಅಳತೆಯಿಂದ ಮೈಸೂರಿನ ಪಾಠಕ್ಕೆ ಬೆಲೆ ಕಟ್ಟೋದು ಬೇಡ.

ನಿವೃತ್ತ ಮೇಷ್ಟ್ರು:
ಪಾಠಕ್ಕೆ ಬೆಲೆ ಇದೆ ಅಂತ ನಾನೂ ಹೇಳುತ್ತೇನೆ. ಬಿರುದಿನ ಸನ್ನದಿನಲ್ಲಿ ಅದು ಎಲ್ಲಿದೆ ತೋರಿಸಿ, ಅಷ್ಟೇ. ನೀವೂ ಬಿಡಲ್ಲ, ನಾನೂ ಬಿಡಲ್ಲ.

ಗಂಜಾಂ ಗಿರಿ:
ಎಲ್ಲರಿಗೂ ಥ್ಯಾಂಕ್ಸ್. ಗೈಡ್‌ಗಳಿಗೆ ಡ್ಯೂಕ್ ಕಥೆ ಬಿಟ್ಟು ಹ್ಯಾರಿಸ್ ಹುಲಿಯ ಕಥೆ ಹೇಳಿ ಅನ್ನುತ್ತೇನೆ, ಅದು ನಿಜವೂ ಹೌದು, ಜನ ಕೇಳೋದೂ ಜಾಸ್ತಿ. ಒಂದು ಉಳಿದಿದೆ. ಈಗ ಅರ್ಲ್ ಆಫ್ ಮಾರ್ನಿಂಗ್ಟನ್ ಅಂತ ಒಬ್ಬ ಹುಡುಗನ ಹೆಸರು ಸುದ್ದಿಯಲ್ಲಿ ಬರುತ್ತಲ್ಲ. ಆ ಬಿರುದು ಡ್ಯೂಕ್ ಕೈಯಲ್ಲಿದೆ ಅಂದಿರಿ, ಇವನು ಯಾರು?

ವಕೀಲೆ ಪದ್ಮಾ:
ಡ್ಯೂಕ್ ಮೊಮ್ಮಗ. ಕಾನೂನಿನ ಪ್ರಕಾರ ಬಿರುದೆಲ್ಲ ಡ್ಯೂಕ್ ಒಬ್ಬರದೇ. ಹಿರಿಯ ಮಗನನ್ನು ಮರ್ಯಾದೆಗೆ ಮಾರ್ಕ್ವೆಸ್ ಆಫ್ ಡೌರೋ ಅಂತಲೂ, ಅವನ ಹಿರಿಯ ಮಗನನ್ನು ಅರ್ಲ್ ಆಫ್ ಮಾರ್ನಿಂಗ್ಟನ್ ಅಂತಲೂ ಕರೆಯುತ್ತಾರೆ. ಡೌರೋ ಅನ್ನೋದು ಪೋರ್ಚುಗಲ್‌ನ ನದಿ.

ಮಂಡ್ಯ ಮಂಜು:
ನದಿ ಹೆಸರು ಇಟ್ಟುಕೊಳ್ಳೋದಾದ್ರೆ ಕಾವೇರಿ ಏನು ಪಾಪ ಮಾಡಿತ್ತು ಮೇಷ್ಟ್ರೇ? ಇದಕ್ಕೆ ಉತ್ತರ ಹೇಳಿ ಊಟಕ್ಕೆ ಹೋಗಿ.

ನಿವೃತ್ತ ಮೇಷ್ಟ್ರು:
1809ರ ಮೇ ತಿಂಗಳಲ್ಲಿ ಆತ ಡೌರೋ ನದಿಯನ್ನು ಫ್ರೆಂಚರ ಕಣ್ಣೆದುರೇ ದಾಟಿ ಪೋರ್ಟೊ ಊರನ್ನು ಬಿಡಿಸಿಕೊಂಡ. ಕಾವೇರಿಯನ್ನು ಬಂಡೆಗಳ ಮೇಲೆ ದಾಟಿ ಕೋಟೆಗೆ ನುಗ್ಗಿದವನು ಬೇರ್ಡ್. ಆ ಹೆಸರಿನ ಹಕ್ಕು ಯಾರಿಗಾದರೂ ಇದ್ದರೆ ಅವನಿಗೆ.